900 ಡಿಗ್ರಿಯಲ್ಲಿ ಹರಳುಗಟ್ಟಿದ ಸಿಲಿಕಾ: ಕುಲುಮೆಯನ್ನು ದೂರುವ ಮುಂಚೆ

ಪ್ರಶ್ನೆ: ನಾನು ರಸಾಯನವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿನಿ. ನದಿ ಮರಳಿನಿಂದ ಸಿಲಿಕಾ ನ್ಯಾನೊಕಣಗಳನ್ನು ತಯಾರಿಸುವುದು ನನ್ನ ಪ್ರಾಜೆಕ್ಟ್. ಮರಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ತೊಳೆದೆ. ಬಳಿಕ ಕಾಸ್ಟಿಕ್ ಸೋಡಾ ಬೆರೆಸಿ 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ, ನೀರಿನಲ್ಲಿ ಕದಡಿ, ಸೋಸಿದೆ. ಸೋಸಿ ಬಂದ ತಿಳಿಗೆ ಪಿಎಚ್ 7 ಆಗುವವರೆಗೆ ಆಮ್ಲ ಹನಿಸಿದಾಗ ಜೆಲ್ ಕಟ್ಟಿತು. ಅದನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಓವನ್‌ನಲ್ಲಿ ಒಣಗಿಸಿ, ಬಂದ ಬಿಳಿ ಪುಡಿಯನ್ನು 300, 500, 700, 900 ಮತ್ತು 1100 ಡಿಗ್ರಿಗಳಲ್ಲಿ ಎರಡೆರಡು ಗಂಟೆ ಕಾಯಿಸಿದೆ. 700ರವರೆಗೆ ಕ್ಷ-ಕಿರಣ ವಿವರ್ತನೆಯಲ್ಲಿ ಅಗಲವಾದ ಒಂದು ದಿಬ್ಬ ಮಾತ್ರ ಕಂಡಿತು. 900ರಲ್ಲಿ 21.9 ಡಿಗ್ರಿ ಕೋನದ ಬಳಿ ಚೂಪಾದ ಶಿಖರ ಎದ್ದಿತು. ಮೇಲ್ಮೈ ವಿಸ್ತೀರ್ಣ ಕಾಯಿಸುವ ಮುಂಚೆ ಗ್ರಾಂಗೆ 210 ಚದರ ಮೀಟರ್ ಇತ್ತು, 700ರಲ್ಲಿ 140, 900ರಲ್ಲಿ ಬರೀ 9. ಪುಡಿಗೆ ತಿಳಿಗುಲಾಬಿ ಛಾಯೆಯೂ ಬಂದಿದೆ. ನಾನು ಓದಿದ ಕೆಲವು ಲೇಖನಗಳಲ್ಲಿ 1100 ಡಿಗ್ರಿಯಲ್ಲೂ ಸಿಲಿಕಾ ಅಸ್ಫಟಿಕವಾಗಿಯೇ, ಅಂದರೆ ಹರಳುಗಟ್ಟದೆ, ಉಳಿದಿದೆ. ಶಿಖರದ ಅಗಲದಿಂದ ಗಾತ್ರ ಲೆಕ್ಕ ಹಾಕುವ ಷೆರರ್ ಸೂತ್ರ ಹಾಕಿದರೆ 700ರ ಮಾದರಿಯ ಗಾತ್ರ 1.2 ನ್ಯಾನೋಮೀಟರ್ ಬರುತ್ತದೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ 30ರಿಂದ 40 ಕಾಣುತ್ತದೆ. ಎಲ್ಲಿ ತಪ್ಪಿದೆ? ಕಾಯಿಸಲು ಸರಿಯಾದ ಉಷ್ಣತೆ ಯಾವುದು?

ಉತ್ತರ: ನಿಮ್ಮ ಕುಲುಮೆ ಸರಿಯಾಗಿಯೇ ಇದೆ ಎಂದು ನನ್ನ ಅಂದಾಜು. ಅನುಮಾನ ಇರುವುದು ತೊಳೆಯುವ ಹಂತದ ಮೇಲೆ. ನಿಮ್ಮ ಪುಡಿಯಲ್ಲಿ ಸೋಡಿಯಂ ಉಳಿದಿದೆ, ಸ್ವಲ್ಪ ಕಬ್ಬಿಣವೂ ಉಳಿದಿದೆ. 900 ಡಿಗ್ರಿಯಲ್ಲಿ ನೀವು ಕಂಡದ್ದರಲ್ಲಿ ಬಹುಪಾಲು ಆ ಸೋಡಿಯಂನ ಕೆಲಸ. ನೀವು ಓದಿದ ಲೇಖನದವರ ಪುಡಿಯಲ್ಲಿ ಅದು ಇದ್ದಿರಲಾರದು, ಅಥವಾ ತೀರ ಕಡಿಮೆ ಇದ್ದಿರಬೇಕು. ಹಾಗಾಗಿ ಇಬ್ಬರ ಫಲಿತಾಂಶವೂ ಸರಿ ಇರಬಹುದು, ಇಬ್ಬರೂ ಕಾಯಿಸಿದ ವಸ್ತು ಮಾತ್ರ ಒಂದೇ ಅಲ್ಲ. ಮರಳಿನ ಸಿಲಿಕಾ ಕುರಿತು ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಉಷ್ಣತೆಯನ್ನು ಕುರಿತೇ ಇರುತ್ತವೆ. ಉತ್ತರ ಮಾತ್ರ ಕುಲುಮೆಯ ಬಾಗಿಲು ತೆರೆಯುವುದಕ್ಕೆ ಮುಂಚಿನ ಕೆಲಸಗಳಲ್ಲಿ ಸಿಗುತ್ತದೆ.

ಮೊದಲು ಒಂದು ಗೊಂದಲವನ್ನು ಬದಿಗಿಡೋಣ. ನೀವು ಆರಂಭಿಸಿದ ಮರಳು ಕ್ವಾರ್ಟ್ಸ್, ಅಂದರೆ ಬೆಣಚು. ಅದು ಅಚ್ಚುಕಟ್ಟಾದ ಹರಳು. ಕಾಸ್ಟಿಕ್ ಸೋಡಾ ಆ ಹರಳನ್ನು ಪೂರ್ತಿ ಬಿಚ್ಚಿ ಸೋಡಿಯಂ ಸಿಲಿಕೇಟ್ ಮಾಡಿತು. ಆಮ್ಲ ಬಿದ್ದಾಗ ಅದು ಸಿಲಿಸಿಕ್ ಆಮ್ಲವಾಯಿತು. ಅದರ ಅಣುಗಳು ಒಂದಕ್ಕೊಂದು ಕೈಹಿಡಿದು ನೀರು ಬಿಡುತ್ತಾ ಹೊಸ ಕಣಗಳಾಗಿ ಕಟ್ಟಿಕೊಂಡವು. ಈ ಹೊಸ ಕಣಗಳಿಗೆ ಹಳೆಯ ಮರಳಿನ ನೆನಪು ಏನೂ ಇಲ್ಲ, ಅವು ಗಾಜಿನಂತೆ ಅಡ್ಡಾದಿಡ್ಡಿ ಜಾಲ. ಆದ್ದರಿಂದ ಪಠ್ಯಪುಸ್ತಕದಲ್ಲಿ ಕ್ವಾರ್ಟ್ಸ್ ಬಗ್ಗೆ ಬರೆದದ್ದು ಇವಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. 573 ಡಿಗ್ರಿಯಲ್ಲಿ ಆಲ್ಫಾ ಕ್ವಾರ್ಟ್ಸ್ ಬೀಟಾ ಆಗುತ್ತದೆ ಎಂಬ ಮಾತನ್ನು ಎಷ್ಟೋ ಪ್ರಬಂಧಗಳಲ್ಲಿ ಇಂಥ ಅಸ್ಫಟಿಕ ಪುಡಿಯ ಫಲಿತಾಂಶದ ಪಕ್ಕ ಅಂಟಿಸಿರುವುದನ್ನು ನೋಡಿದ್ದೇನೆ. ನಿಮ್ಮ ಪುಡಿಯಲ್ಲಿ 573ರಲ್ಲಿ ಏನೂ ಆಗುವುದಿಲ್ಲ. ಆ ಬದಲಾವಣೆ ನಿಜವಾಗಿ ಆಗುವ ಕ್ವಾರ್ಟ್ಸ್‌ನಲ್ಲೂ, ತಣ್ಣಗಾದೊಡನೆ ಹರಳು ಮೊದಲಿನ ರೂಪಕ್ಕೆ ಮರಳುವುದರಿಂದ, ಕೋಣೆಯ ಉಷ್ಣತೆಯಲ್ಲಿ ತೆಗೆದ ವಿವರ್ತನೆ ಚಿತ್ರದಲ್ಲಿ ಅದು ಕಾಣುವುದಿಲ್ಲ. ಮರಳನ್ನು ರಾಸಾಯನಿಕವಾಗಿ ಬಿಚ್ಚದೆ ಚೆಂಡುಗಿರಣಿಯಲ್ಲಿ ಅರೆದು ನ್ಯಾನೊ ಮಾಡುವವರ ಕಥೆ ಬೇರೆ. ಅವರ ಪುಡಿ ಕೊನೆಯವರೆಗೂ ಕ್ವಾರ್ಟ್ಸ್ ಆಗಿಯೇ ಇರುತ್ತದೆ. ಅವರ ಲೇಖನದೊಂದಿಗೆ ನಿಮ್ಮದನ್ನು ಹೋಲಿಸಬೇಡಿ.

ಇದಕ್ಕೆ ಸಂಬಂಧಿಸಿ ಒಂದು ಸಣ್ಣ ಪರೀಕ್ಷೆ. ನಿಮ್ಮ ಚಿತ್ರದಲ್ಲಿ 26.6 ಡಿಗ್ರಿ ಕೋನದಲ್ಲಿ ಪುಟ್ಟ ಶಿಖರವೇನಾದರೂ ಇದೆಯೇ ನೋಡಿ. ಇದ್ದರೆ ಅದು ಕ್ವಾರ್ಟ್ಸ್. ಅದು ಕಾಯಿಸಿದ್ದರಿಂದ ಹುಟ್ಟಿದ್ದಲ್ಲ, ಸೋಡಾದಲ್ಲಿ ಕರಗದೆ ಉಳಿದ ಮರಳಿನ ಚೂರು ಸೋಸುಕಾಗದ ದಾಟಿ ಬಂದದ್ದು. ಕಾಯಿಸದ ಮಾದರಿಯಲ್ಲೂ ಅದು ಇರಲೇಬೇಕು. ಕಾಯಿಸದ ಪುಡಿಯ ಚಿತ್ರವನ್ನು ತೆಗೆಸಿಲ್ಲದಿದ್ದರೆ ಮೊದಲು ಅದನ್ನು ತೆಗೆಸಿ. ಅದಿಲ್ಲದೆ ಉಳಿದ ಐದು ಚಿತ್ರಗಳನ್ನು ಯಾವುದಕ್ಕೆ ಹೋಲಿಸುವುದು?

ಈಗ ಕಾಯಿಸುವಾಗ ಆಗುವುದನ್ನು ನೋಡೋಣ. ಸಿಲಿಕಾ ಕಣದ ಮೇಲ್ಮೈ ತುಂಬ ಸಿಲನಾಲ್ ಗುಂಪುಗಳಿರುತ್ತವೆ. ಅಂದರೆ ಸಿಲಿಕಾನ್‌ಗೆ ಅಂಟಿದ ಆಮ್ಲಜನಕ, ಅದರ ತುದಿಯಲ್ಲೊಂದು ಹೈಡ್ರೋಜನ್. ಅವುಗಳ ಮೇಲೆ ಗಾಳಿಯ ತೇವ ಪದರಪದರವಾಗಿ ಕುಳಿತಿರುತ್ತದೆ. ಸುಮಾರು 200 ಡಿಗ್ರಿಯವರೆಗೆ ಹೊರಟು ಹೋಗುವುದು ಈ ತೇವ ಮಾತ್ರ. ಆಮೇಲೆ ಅಕ್ಕಪಕ್ಕದ ಎರಡು ಸಿಲನಾಲ್‌ಗಳು ಸೇರಿ ಒಂದು ನೀರಿನ ಅಣುವನ್ನು ಹೊರಹಾಕಿ, ನಡುವೆ ಸಿಲಾಕ್ಸೇನ್ ಸೇತುವೆ ಕಟ್ಟಿಕೊಳ್ಳುತ್ತವೆ. ರಷ್ಯದ ರಸಾಯನವಿಜ್ಞಾನಿ ಝುರಾವ್ಲೆವ್ ಈ ಒಂದು ಸಂಗತಿಯನ್ನು ದಶಕಗಳ ಕಾಲ ಬೆನ್ನಟ್ಟಿ, ನೂರು ಬಗೆಯ ಅಸ್ಫಟಿಕ ಸಿಲಿಕಾಗಳನ್ನು ಅಳೆದರು. ಮೇಲ್ಮೈ ಪೂರ್ತಿ ಸಿಲನಾಲ್‌ಗಳಿಂದ ತುಂಬಿದ್ದಾಗ ಒಂದು ಚದರ ನ್ಯಾನೋಮೀಟರಿಗೆ ಅವುಗಳ ಸಂಖ್ಯೆ 4.6ರಿಂದ 4.9ರಷ್ಟು. ಸಿಲಿಕಾವನ್ನು ಯಾವ ವಿಧಾನದಿಂದ ಮಾಡಿದ್ದರೂ ಈ ಸಂಖ್ಯೆ ಹೆಚ್ಚುಕಡಿಮೆ ಇಷ್ಟೇ ಎಂಬುದು ಅವರ ಕೆಲಸದ ತಿರುಳು. 400 ಡಿಗ್ರಿಗೆ ಬರುವ ಹೊತ್ತಿಗೆ ಇದು ಸುಮಾರು ಅರ್ಧಕ್ಕಿಳಿಯುತ್ತದೆ. 600ರಲ್ಲಿ ಸುಮಾರು 1.5, 900ರಲ್ಲಿ 0.5ಕ್ಕಿಂತಲೂ ಕಡಿಮೆ, ಅಂದರೆ ಎರಡು ಚದರ ನ್ಯಾನೋಮೀಟರಿಗೆ ಒಂದು ಸಿಲನಾಲ್ ಕೂಡ ಇಲ್ಲ.

400 ಡಿಗ್ರಿ ಒಂದು ಗಡಿ ಇದ್ದ ಹಾಗೆ. ಅದರವರೆಗೆ ಕಳೆದುಕೊಂಡ ಸಿಲನಾಲ್‌ಗಳನ್ನು ಕಣ ನೀರು ಸಿಕ್ಕರೆ ಸುಲಭವಾಗಿ ಮರಳಿ ಪಡೆಯುತ್ತದೆ. ಅದನ್ನು ದಾಟಿದ ಮೇಲೆ ನೀರಿಗೆ ಒಗ್ಗದ ಸಿಲಾಕ್ಸೇನ್ ಬಯಲುಗಳು ಮೇಲ್ಮೈಯಲ್ಲಿ ಹರಡಿಕೊಳ್ಳುತ್ತವೆ, ಮರಳಿ ಸಿಲನಾಲ್ ಆಗುವುದು ಬಹಳ ನಿಧಾನವಾಗುತ್ತದೆ. ಕಣವು ನೀರನ್ನು ಹೀರುವ ಸ್ವಭಾವದಿಂದ ನೀರನ್ನು ದೂಡುವ ಸ್ವಭಾವಕ್ಕೆ ಹೊರಳುವುದು ಇಲ್ಲಿಂದ ಮೇಲೆ. ವಿವರ್ತನೆ ಚಿತ್ರದಲ್ಲಿ ಮಾತ್ರ ಅದೇ ದಿಬ್ಬ, ಅದೇ 22, 23 ಡಿಗ್ರಿಯ ಸುತ್ತ. 300 ಮತ್ತು 700ರ ಮಾದರಿಗಳು ಒಂದೇ ಎಂದು ನೀವು ತಿಳಿದಿದ್ದರೆ, ಅದು ವಿವರ್ತನೆಯೊಂದನ್ನೇ ನಂಬಿದ್ದರ ಫಲ.

ಈ ಬದಲಾವಣೆ ಅವಕೆಂಪು ರೋಹಿತದಲ್ಲಿ ಕಾಣಬೇಕು. ತರಂಗಸಂಖ್ಯೆ 960ರ (ಪ್ರತಿ ಸೆಂಟಿಮೀಟರಿಗೆ; ಮುಂದಿನ ಪಟ್ಟಿಗಳ ಅಂಕಿಗಳೂ ಹೀಗೆಯೇ, ಉಷ್ಣತೆಯಲ್ಲ) ಸುತ್ತಲಿನ ಸಿಲನಾಲ್ ಪಟ್ಟಿ ಉಷ್ಣತೆ ಏರಿದಂತೆ ಕರಗುತ್ತಾ ಹೋಗುತ್ತದೆ. 1100, 800 ಮತ್ತು 465ರ ಸುತ್ತಲಿನ ಮೂರು ಪಟ್ಟಿಗಳು ಜಾಲದ ಬೆನ್ನೆಲುಬಿನವು, ಅವು ಉಳಿಯುತ್ತವೆ. ಹರಳುಗಟ್ಟಿದ ಮಾದರಿಯಲ್ಲಿ 620ರ ಬಳಿ ಹೊಸದೊಂದು ಪಟ್ಟಿ ಮೂಡಿದರೆ ಅದು ಕ್ರಿಸ್ಟೋಬಲೈಟ್‌ನ, ಅಂದರೆ ನಿಮ್ಮ 21.9 ಡಿಗ್ರಿ ಕೋನದ ಶಿಖರಕ್ಕೆ ಕಾರಣವಾದ ಸಿಲಿಕಾ ಹರಳಿನ, ಗುರುತು. ಇಲ್ಲೊಂದು ಎಚ್ಚರಿಕೆ. 3450 ಮತ್ತು 1630ರ ನೀರಿನ ಪಟ್ಟಿಗಳು 900ರ ಮಾದರಿಯಲ್ಲೂ ಇವೆ, ಆದ್ದರಿಂದ ಸಿಲನಾಲ್ ಹೋಗಿಲ್ಲ ಎಂದು ಬರೆದುಬಿಡಬೇಡಿ. ಪೊಟ್ಯಾಸಿಯಂ ಬ್ರೋಮೈಡ್ ಬಿಲ್ಲೆ ಒತ್ತಿ ಅಳೆದಿದ್ದರೆ, ಆ ನೀರು ಬಹುಪಾಲು ಬ್ರೋಮೈಡ್ ಗಾಳಿಯಿಂದ ಹೀರಿಕೊಂಡದ್ದು.

ಇನ್ನು ನಿಮ್ಮ ಅಂಕಿಗಳು. ಇವು ನನಗೆ ತುಂಬಾ ಇಷ್ಟವಾದವು, ಏಕೆಂದರೆ ಇವುಗಳೇ ಕಥೆಯನ್ನು ಬಿಚ್ಚಿ ಹೇಳುತ್ತವೆ. ರಂಧ್ರವಿಲ್ಲದ ದುಂಡು ಕಣಗಳಾದರೆ ವ್ಯಾಸವನ್ನು ಮೇಲ್ಮೈ ವಿಸ್ತೀರ್ಣದಿಂದಲೇ ಲೆಕ್ಕ ಹಾಕಬಹುದು: 6ನ್ನು ಸಾಂದ್ರತೆ ಮತ್ತು ವಿಸ್ತೀರ್ಣಗಳ ಗುಣಲಬ್ಧದಿಂದ ಭಾಗಿಸಿದರಾಯಿತು. ಅಸ್ಫಟಿಕ ಸಿಲಿಕಾದ ಸಾಂದ್ರತೆ ಘನ ಸೆಂಟಿಮೀಟರಿಗೆ 2.2 ಗ್ರಾಂ. 210 ಚದರ ಮೀಟರಿಗೆ ಸುಮಾರು 13 ನ್ಯಾನೋಮೀಟರ್ ಬರುತ್ತದೆ, 140ಕ್ಕೆ ಸುಮಾರು 20. ಸೂಕ್ಷ್ಮದರ್ಶಕದಲ್ಲಿ ನೀವು ಕಂಡ 30, 40 ನ್ಯಾನೋಮೀಟರ್ ಉಂಡೆಗಳು ರಂಧ್ರವಿಲ್ಲದವೇ ಆಗಿದ್ದರೆ ವಿಸ್ತೀರ್ಣ 80ರ ಆಸುಪಾಸಿನಲ್ಲಿ ಇರಬೇಕಿತ್ತು. 140 ಬಂದಿದೆ ಎಂದರೆ ಅವು ಇನ್ನೂ ಸಣ್ಣ ಕಣಗಳ ಗೊಂಚಲುಗಳು, ಇಲ್ಲವೇ ಒಳಗೆ ರಂಧ್ರಗಳಿವೆ. ಇನ್ನು 900ರ ಮಾದರಿಯ 9 ಚದರ ಮೀಟರ್. ಅದಕ್ಕೆ ಕ್ರಿಸ್ಟೋಬಲೈಟ್‌ನ 2.33 ಸಾಂದ್ರತೆ ಹಾಕಿದರೆ ಸುಮಾರು 290 ನ್ಯಾನೋಮೀಟರ್ ಬರುತ್ತದೆ. ಅದನ್ನು ಪ್ರಬಂಧದಲ್ಲಿ ನ್ಯಾನೊಕಣ ಎಂದು ಕರೆಯಲು ಬರುವುದಿಲ್ಲ.

ಷೆರರ್ ಸೂತ್ರದ 1.2ನ್ನು ದಯವಿಟ್ಟು ಹೊಡೆದು ಹಾಕಿ. ಪಾಲ್ ಷೆರರ್ 1918ರಲ್ಲಿ ಕೊಟ್ಟ ಆ ಸೂತ್ರ ಹರಳುಗಳಿಗೆ ಮಾತ್ರ. ಹರಳು ಚಿಕ್ಕದಾದಷ್ಟೂ ಶಿಖರ ಅಗಲವಾಗುತ್ತದೆ ಎಂಬುದು ಅದರ ಆಧಾರ. ಅಸ್ಫಟಿಕ ದಿಬ್ಬ ಅಗಲವಾಗಿರುವುದು ಕಣ ಚಿಕ್ಕದಿರುವುದರಿಂದ ಅಲ್ಲ, ಪರಮಾಣುಗಳಿಗೆ ದೂರದವರೆಗೆ ಸಾಲುಗೂಡಿ ನಿಲ್ಲುವ ಶಿಸ್ತು ಇಲ್ಲದಿರುವುದರಿಂದ. ಏಳು ಡಿಗ್ರಿ ಅಗಲದ ದಿಬ್ಬಕ್ಕೆ ಸೂತ್ರ ಹಾಕಿದರೆ ಯಾರಿಗಾದರೂ 1.2 ನ್ಯಾನೋಮೀಟರೇ ಬರುತ್ತದೆ. ಕಿಟಕಿಯ ಗಾಜಿನ ತುಂಡೊಂದನ್ನು ಇಟ್ಟು ಅಳೆದರೂ ಹತ್ತಿರ ಹತ್ತಿರ ಅದೇ ಉತ್ತರ. ಕಿಟಕಿಯ ಗಾಜು ನ್ಯಾನೊಕಣವೇನೂ ಅಲ್ಲವಲ್ಲ. 900 ಮತ್ತು 1100ರ ಮಾದರಿಗಳಿಗೆ ಸೂತ್ರ ಹಾಕಬಹುದು, ಆದರೆ ಯಂತ್ರದಿಂದಲೇ ಬರುವ ಅಗಲವನ್ನು ಕಳೆದು. ಆಗ ಸಿಗುವುದೂ ಹರಳಿನ ತುಣುಕಿನ ಅಳತೆ, ಇಡೀ ಕಣದ್ದಲ್ಲ.

ಸೋಡಿಯಂಗೆ ಬರುತ್ತೇನೆ. ನಿಜವಾದ ಉತ್ತರ ಇರುವುದು ಇಲ್ಲಿ. ಸಿಲಿಕಾದ ಜಾಲದಲ್ಲಿ ಪ್ರತಿಯೊಂದು ಸಿಲಿಕಾನ್ ನಾಲ್ಕು ಆಮ್ಲಜನಕಗಳ ಮೂಲಕ ನೆರೆಯವುಗಳಿಗೆ ಕಟ್ಟಿಹಾಕಿಕೊಂಡಿರುತ್ತದೆ. ಶುದ್ಧ ಸಿಲಿಕಾದಲ್ಲಿ ಈ ಕಟ್ಟು ಎಷ್ಟು ಬಿಗಿ ಎಂದರೆ 1000 ಡಿಗ್ರಿಯಲ್ಲೂ ಪರಮಾಣುಗಳು ಎದ್ದು ಹೊಸ ಸಾಲಿನಲ್ಲಿ ನಿಲ್ಲಲಾರವು. ಅದಕ್ಕೇ ಶುದ್ಧ ಅಸ್ಫಟಿಕ ಸಿಲಿಕಾ 1100ನ್ನೂ ದಾಟಿ ಹಾಗೆಯೇ ಉಳಿಯಬಲ್ಲದು. ಸೋಡಿಯಂ ಬಂದರೆ ಅದು ಸೇತುವೆಗಳನ್ನು ಅಲ್ಲಲ್ಲಿ ಮುರಿಯುತ್ತದೆ. ಆಮ್ಲಜನಕದ ಒಂದು ಕೈ ಸಿಲಿಕಾನ್‌ನಲ್ಲಿ, ಇನ್ನೊಂದು ಕೈ ಸುಮ್ಮನೆ ಸೋಡಿಯಂನ ಬಳಿ. ಜಾಲ ಸಡಿಲವಾಗುತ್ತದೆ, ಸ್ನಿಗ್ಧತೆ ಬೀಳುತ್ತದೆ, ಪರಮಾಣುಗಳಿಗೆ ಅಲುಗಾಡಲು ಎಡೆ ಸಿಗುತ್ತದೆ. ಸೋಡಿಯಂ ಆಕ್ಸೈಡ್ ಮತ್ತು ಸಿಲಿಕಾ ಬೆರೆತ ಮಿಶ್ರಣ ಸುಮಾರು 790 ಡಿಗ್ರಿಯಲ್ಲೇ ದ್ರವವಾಗತೊಡಗುತ್ತದೆ. ನಿಮ್ಮ ತೊಳೆತದಲ್ಲಿ ಉಳಿದಿರಬಹುದಾದ ಸೋಡಿಯಂ ಕ್ಲೋರೈಡ್ ಕರಗುವುದು 801ರಲ್ಲಿ. 700 ಮತ್ತು 900ರ ನಡುವೆ ನಿಮ್ಮ ಮಾದರಿ ಇದ್ದಕ್ಕಿದ್ದಂತೆ ಕುಸಿದದ್ದು ಆಕಸ್ಮಿಕವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಶುದ್ಧ ಸಿಲಿಕಾದಲ್ಲೂ ಕಣಗಳು ಬೆಸೆದುಕೊಳ್ಳುತ್ತವೆ, ಅದಕ್ಕೆ ಹರಳುಗಟ್ಟಬೇಕಾದ ಅಗತ್ಯವಿಲ್ಲ. ಬಿಸಿಯಾದ ಗಾಜು ನಿಧಾನವಾಗಿ ಹರಿಯುತ್ತದೆ. ಎರಡು ಕಣ ತಾಗಿದಲ್ಲಿ ಕುತ್ತಿಗೆಯೊಂದು ಬೆಳೆದು, ಕೊನೆಗೆ ಎರಡೂ ಒಂದಾಗುತ್ತವೆ. ಈ ಬೆಸುಗೆಯ ವೇಗ ಸ್ನಿಗ್ಧತೆ ಕಡಿಮೆಯಾದಷ್ಟೂ, ಕಣ ಚಿಕ್ಕದಾದಷ್ಟೂ ಹೆಚ್ಚು ಎಂದು ಭೌತವಿಜ್ಞಾನಿ ಫ್ರೆಂಕೆಲ್ 1945ರಲ್ಲಿ ತೋರಿಸಿಕೊಟ್ಟರು. ನ್ಯಾನೊಕಣಗಳು ದೊಡ್ಡ ಗಾಜಿನ ತುಂಡಿಗಿಂತ ಬೇಗ ಬೆಸೆಯುವುದು ಇದರಿಂದಲೇ. ಜಾಲದಲ್ಲಿ ಸೋಡಿಯಂ ಸೇರಿದಾಗ ಎರಡೂ ಕಾರಣಗಳು ಒಟ್ಟಿಗೆ ಕೆಲಸ ಮಾಡುತ್ತವೆ. ನಿಮ್ಮ 700ರವರೆಗಿನ ನಿಧಾನ ಇಳಿಕೆ ಸಿಲನಾಲ್‌ಗಳು ಸೇತುವೆಯಾಗಿ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಂಡದ್ದು. 900ರ ಕುಸಿತ ಬೆಸುಗೆ ಮತ್ತು ಹರಳುಗಟ್ಟುವಿಕೆ ಎರಡೂ ಸೇರಿದ್ದು.

ಹರಳುಗಟ್ಟಿದ್ದು ಕ್ರಿಸ್ಟೋಬಲೈಟ್ ಆಗಿಯೇ ಏಕೆ ಎಂದು ನಿಮ್ಮ ಮಾರ್ಗದರ್ಶಕರು ಕೇಳಿಯೇ ಕೇಳುತ್ತಾರೆ. ಸಿಲಿಕಾದ ಸ್ಥಿತಿನಕ್ಷೆ ತೆರೆದು ನೋಡಿದರೆ 870ರಿಂದ 1470 ಡಿಗ್ರಿಯವರೆಗೆ ಸ್ಥಿರವಾದ ರೂಪ ಟ್ರಿಡಿಮೈಟ್, ಅದರಾಚೆಗೆ ಕ್ರಿಸ್ಟೋಬಲೈಟ್. ಆದರೆ ನಕ್ಷೆ ಹೇಳುವುದು ಕೊನೆಗೆ ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದನ್ನು, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನಲ್ಲ. ಅಸ್ಫಟಿಕ ಸಿಲಿಕಾದ ಸಡಿಲ ಜಾಲಕ್ಕೆ ರಚನೆಯಲ್ಲೂ ಸಾಂದ್ರತೆಯಲ್ಲೂ ಹತ್ತಿರದ ಹರಳು ಕ್ರಿಸ್ಟೋಬಲೈಟ್. ಸಾಂದ್ರತೆ 2.2ರಿಂದ 2.33ಕ್ಕೆ ಏರಿದರೆ ಸಾಕು. ಕ್ವಾರ್ಟ್ಸ್ ಆಗಬೇಕಿದ್ದರೆ 2.65ರವರೆಗೆ ಬಿಗಿಯಬೇಕು. ಎರಡು ಗಂಟೆಯಲ್ಲಿ ಪರಮಾಣುಗಳು ಹಿಡಿಯುವುದು ಸಮೀಪದ ಮೆಟ್ಟಿಲನ್ನೇ. ಸೋಡಿಯಂ ಹೆಚ್ಚಿದ್ದರೆ ಟ್ರಿಡಿಮೈಟ್ ಕೂಡ ಬೆರೆಯುತ್ತದೆ. 20.5 ಮತ್ತು 23.2 ಡಿಗ್ರಿ ಕೋನಗಳ ಬಳಿ ಒಮ್ಮೆ ಕಣ್ಣಾಡಿಸಿ. ಕಾಯಿಸುವಾಗ ಮಾದರಿ ಹೀರುವ ಶಾಖವನ್ನು ಅಳೆಯುವ ವಿಭೇದಕ ಕ್ಯಾಲೊರಿಮಾಪಕ ನಿಮಗೆ ಸಿಗುವಂತಿದ್ದರೆ 900ರ ಮಾದರಿಯನ್ನು 300 ಡಿಗ್ರಿಯವರೆಗೆ ಕಾಯಿಸಿ ನೋಡಿ. 200ರಿಂದ 275ರ ನಡುವೆ ಶಿಖರ ಬಂದರೆ ಅದು ಕ್ರಿಸ್ಟೋಬಲೈಟ್‌ನ ಆಲ್ಫಾ–ಬೀಟಾ ಬದಲಾವಣೆ, ಅನುಮಾನಕ್ಕೆ ಎಡೆಯಿಲ್ಲ.

ಅಷ್ಟು ತೊಳೆದರೂ ಸೋಡಿಯಂ ಹೇಗೆ ಉಳಿಯಿತು? ನೀವು ಬರೆದಿಲ್ಲ, ಆದರೂ ಊಹಿಸುತ್ತೇನೆ: ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿ, ಬಿಳಿ ಮಬ್ಬು ಬರುವುದು ನಿಂತ ಮೇಲೆ ತೊಳೆಯುವುದನ್ನು ನಿಲ್ಲಿಸಿದ್ದೀರಿ. ನಾನೂ ಹೊಸದರಲ್ಲಿ ಹೀಗೆಯೇ ಮಾಡಿ, ಹಗುರ ಪುಡಿ ನಿರೀಕ್ಷಿಸುತ್ತಾ ಕುಲುಮೆ ತೆರೆದರೆ ಮೂಸೆಯ ತಳಕ್ಕೆ ಕಚ್ಚಿಕೊಂಡ ಬಿಳಿ ಹೆಂಟೆ ಸಿಕ್ಕಿತ್ತು. ಆ ಪರೀಕ್ಷೆ ಕ್ಲೋರೈಡ್ ಹೋಯಿತು ಎಂದಷ್ಟೇ ಹೇಳುತ್ತದೆ, ಸೋಡಿಯಂ ಹೋಯಿತು ಎಂದಲ್ಲ. ಪಿಎಚ್ 7ರಲ್ಲಿ ಸಿಲಿಕಾದ ಮೇಲ್ಮೈಗೆ ಋಣ ವಿದ್ಯುದಂಶ ಇರುತ್ತದೆ. ಹೈಡ್ರೋಜನ್ ಬಿಟ್ಟುಕೊಟ್ಟ ಸಿಲನಾಲ್‌ನ ಎದುರಿಗೆ ಸೋಡಿಯಂ ಅಯಾನು ಕುಳಿತಿರುತ್ತದೆ. ಬರೀ ನೀರಿನಿಂದ ಎಷ್ಟು ಸಲ ತೊಳೆದರೂ ಅದು ಏಳುವುದಿಲ್ಲ, ಏಕೆಂದರೆ ಅದರ ಜಾಗಕ್ಕೆ ಬರಲು ನೀರಿನಲ್ಲಿ ಬೇರೆ ಧನ ಅಯಾನು ಸಾಕಷ್ಟಿಲ್ಲ. ಮರಳಿನಲ್ಲಿ ಫೆಲ್ಡ್‌ಸ್ಪಾರ್ ಅಥವಾ ಅಭ್ರಕ ಇದ್ದರೆ ತೊಡಕು ಇನ್ನೂ ಹೆಚ್ಚು. ಅವುಗಳ ಅಲ್ಯುಮಿನಿಯಂ ಸೋಡಾದಲ್ಲಿ ಕರಗಿ ಬಂದು, ಜೆಲ್ ಕಟ್ಟುವಾಗ ಜಾಲದೊಳಗೇ ಸೇರಿಕೊಳ್ಳುತ್ತದೆ. ಹಾಗೆ ಸೇರಿದ ಪ್ರತಿ ಅಲ್ಯುಮಿನಿಯಂ ತನ್ನ ಪಕ್ಕಕ್ಕೊಂದು ಸೋಡಿಯಂ ಇಟ್ಟುಕೊಳ್ಳುತ್ತದೆ.

ಉಪಾಯ ಸರಳ, ಕೇಳಿದ ಮೇಲೆ ಇಷ್ಟೇನಾ ಎನ್ನುತ್ತೀರಿ. ಜೆಲ್ ಕಟ್ಟಿದ ಮೇಲೆ ಪಿಎಚ್ 7ರಲ್ಲಿ ಬಿಡದೆ, ಇನ್ನಷ್ಟು ಆಮ್ಲ ಹಾಕಿ ಪಿಎಚ್ 1ರಿಂದ 2ಕ್ಕೆ ಇಳಿಸಿ, ಬೆಚ್ಚಗಿಟ್ಟು ಕೆಲವು ಗಂಟೆ ಕಲಕಿ. ಸಿಲಿಕಾದ ಮೇಲ್ಮೈ ವಿದ್ಯುದಂಶ ಸುಮಾರು ಪಿಎಚ್ 2ರಲ್ಲಿ ಸೊನ್ನೆಯಾಗುತ್ತದೆ. ಸೋಡಿಯಂಗೆ ಅಲ್ಲಿ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ, ಜಾಗವನ್ನು ಹೈಡ್ರೋಜನ್ ಅಯಾನು ತೆಗೆದುಕೊಳ್ಳುತ್ತದೆ. ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ, ತೊಳೆದ ನೀರಿನ ವಿದ್ಯುತ್ ವಾಹಕತೆ ಹಾಕಿದ ನೀರಿನ ವಾಹಕತೆಗೆ ಸಮೀಪಿಸುವವರೆಗೆ ತೊಳೆಯಿರಿ. ಸೋಡಿಯಂ ಉಳಿದಿದೆಯೇ ಎಂದು ಜ್ವಾಲೆಯಲ್ಲಿ ಹಿಡಿದು ನೋಡುವ ಆಸೆ ಬೇಡ. ಬೆರಳಿನ ಬೆವರು ತಾಗಿದರೂ ಜ್ವಾಲೆ ಹಳದಿಯಾಗುತ್ತದೆ. ಸೂಕ್ಷ್ಮದರ್ಶಕದ ಜೊತೆಗಿರುವ ಧಾತು ವಿಶ್ಲೇಷಣೆಯನ್ನೇ ಕೇಳಿ ಮಾಡಿಸಿ.

ಇದೇ ಆಮ್ಲ ನಿಮ್ಮ ಗುಲಾಬಿ ಬಣ್ಣವನ್ನೂ ತೆಗೆಯುತ್ತದೆ. ಆ ಬಣ್ಣ ಕಬ್ಬಿಣದ್ದು. ಮೊದಲು ಆಮ್ಲದಲ್ಲಿ ನೆನೆಸಿದಾಗ ಮರಳ ಕಣದ ಹೊರಗಿನ ಕಬ್ಬಿಣವಷ್ಟೇ ಹೋಯಿತು, ಒಳಗೆ ಹುದುಗಿದ್ದು ಸೋಡಾ ಬಿಚ್ಚಿದಾಗ ಹೊರಬಂತು. ಕ್ಷಾರದಲ್ಲಿ ಅದು ಹೈಡ್ರಾಕ್ಸೈಡ್ ಆಗಿ, ಸೋಸುಕಾಗದಕ್ಕೂ ಸಿಕ್ಕದಷ್ಟು ನುಣ್ಣಗಿದ್ದ ಪಾಲು ಜೆಲ್‌ನಲ್ಲಿ ಸೇರಿತು. ಪಿಎಚ್ 7ರಲ್ಲಿ ಅದು ಕರಗುವುದಿಲ್ಲ. ಕಾಯಿಸಿದಾಗ ಹೆಮಟೈಟ್ ಆಗಿ ಕೆಂಪು ತೋರಿತು. ಪುಡಿ ಗುಲಾಬಿಯ ಬದಲು ಬೂದು ಬಣ್ಣಕ್ಕೆ ತಿರುಗಿದ್ದರೆ ಕಥೆ ಬೇರೆಯಾಗುತ್ತಿತ್ತು. ಅದು ಸಾವಯವ ಪದಾರ್ಥ ಪೂರ್ತಿ ಉರಿಯದೆ ಇಂಗಾಲವಾಗಿ ಒಳಗೆ ಸಿಕ್ಕಿಕೊಂಡಿದ್ದರ ಗುರುತು. ಕಣಗಳು ಬೆಸೆದು ರಂಧ್ರ ಮುಚ್ಚಿದ ಮೇಲೆ ಅದನ್ನು ಉರಿಸಲು ಆಗುವುದೇ ಇಲ್ಲ.

ಒಣಗಿಸುವುದರ ಬಗ್ಗೆ ಎರಡು ಮಾತು. ಒದ್ದೆ ಜೆಲ್ ಓವನ್‌ನಲ್ಲಿ ಒಣಗುವಾಗ ರಂಧ್ರಗಳಲ್ಲಿನ ನೀರು ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ರಂಧ್ರದ ತ್ರಿಜ್ಯ 5 ನ್ಯಾನೋಮೀಟರ್ ಆದರೆ ಆ ಎಳೆತ ವಾತಾವರಣದ ಒತ್ತಡದ ಸುಮಾರು 280 ಪಟ್ಟು. ಕಣಗಳು ಮೈಗೆ ಮೈ ತಾಗಿ ನಿಲ್ಲುತ್ತವೆ. ಆಗಿನ್ನೂ ಅದು ಮೆತ್ತನೆಯ ಗೊಂಚಲು, ಅರೆದರೆ ಬಿಡಿಸಬಹುದು. 400 ದಾಟಿಸಿದಿರೋ, ತಾಗಿ ನಿಂತ ಎರಡು ಕಣಗಳ ಸಿಲನಾಲ್‌ಗಳೂ ತಮ್ಮ ತಮ್ಮಲ್ಲಿ ಸೇತುವೆ ಕಟ್ಟುತ್ತವೆ, ಗೊಂಚಲು ಗಟ್ಟಿಯಾಗುತ್ತದೆ. ಹಾಗಾಗಿ ಅರೆಯುವುದಿದ್ದರೆ ಕಾಯಿಸುವ ಮುಂಚೆ ಅರೆಯಿರಿ. ಕೊನೆಯ ಎರಡು ತೊಳೆತ ಎಥನಾಲ್‌ನಲ್ಲಿ ಆಗಲಿ. ಅದರ ಮೇಲ್ಮೈ ಎಳೆತ ನೀರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ, ಅಂದರೆ ಸರಿಯಾದ ಉಷ್ಣತೆ ಯಾವುದು ಎಂಬುದಕ್ಕೆ, ಪುಡಿಯಿಂದ ಏನು ಮಾಡಿಸಿಕೊಳ್ಳಬೇಕು ಎಂದು ತಿಳಿಯದೆ ಉತ್ತರಿಸಲಾಗದು. ನೀರಿನಿಂದ ಬಣ್ಣ ಅಥವಾ ಲೋಹದ ಅಯಾನು ಹೀರಿಸುವುದಾದರೆ ಸಿಲನಾಲ್‌ಗಳೇ ಕೆಲಸಗಾರರು. 105ರಿಂದ 150ರಲ್ಲಿ ಒಣಗಿಸಿದರೆ ಸಾಕು, ಕಾಯಿಸಿದಷ್ಟೂ ನಷ್ಟ. ಸಿಲೇನ್ ಲೇಪಿಸಿ ರಬ್ಬರಿಗೋ ಪ್ಲಾಸ್ಟಿಕ್ಕಿಗೋ ಬೆರೆಸುವವರಿಗೂ ಸಿಲನಾಲ್ ಬೇಕು, ಆದರೆ ತೇವ ಬೇಡ. ಅವರಿಗೆ 200ರ ಆಸುಪಾಸು ಒಳ್ಳೆಯದು. ಸಿಮೆಂಟಿನೊಂದಿಗೆ ಬೆರೆಸುವುದಾದರೆ 600, 700ರವರೆಗೆ ಕಾಯಿಸಿದರೂ ತೊಂದರೆಯಿಲ್ಲ, ಅಸ್ಫಟಿಕವಾಗಿ ಉಳಿದಿರಬೇಕು ಅಷ್ಟೇ. ಹರಳುಗಟ್ಟಿದ್ದು ಸುಣ್ಣದೊಂದಿಗೆ ಸುಲಭವಾಗಿ ವರ್ತಿಸುವುದಿಲ್ಲ. ವೇಗವರ್ಧಕಕ್ಕೆ ಆಧಾರವಾಗಿಸುವುದಾದರೆ, ಮುಂದೆ ಅದು ದುಡಿಯಲಿರುವ ಉಷ್ಣತೆಗಿಂತ ತುಸು ಮೇಲೆ ಕಾಯಿಸಿ ಮೊದಲೇ ಪಳಗಿಸಿಡಬೇಕು. ಮೆಗ್ನೀಸಿಯಂನಿಂದ ಅಪಕರ್ಷಿಸಿ ಸಿಲಿಕಾನ್ ತೆಗೆಯುವವರು ನೀರನ್ನು ಆದಷ್ಟು ಹೊರಗಟ್ಟಬೇಕು. ಉಳಿದ ನೀರು ಬಿಸಿ ಮೆಗ್ನೀಸಿಯಂನೊಂದಿಗೆ ಸೇರಿ ಹೈಡ್ರೋಜನ್ ಬಿಡುತ್ತದೆ. ಯಾವುದೂ ನಿಶ್ಚಯವಾಗಿಲ್ಲದಿದ್ದರೆ 500 ನನ್ನ ಆಯ್ಕೆ. ತೇವ, ಸಾವಯವ ಕಲ್ಮಶ ಎರಡೂ ಹೋಗಿರುತ್ತವೆ, ವಿಸ್ತೀರ್ಣ ಬಹುಪಾಲು ಉಳಿದಿರುತ್ತದೆ, ಸೋಡಿಯಂ ಅಲ್ಪಸ್ವಲ್ಪ ಇದ್ದರೂ ಇನ್ನೂ ಎದ್ದಿರುವುದಿಲ್ಲ.

ಕಾಯಿಸುವ ಕ್ರಮವೂ ಮುಖ್ಯ. ನಿಮಿಷಕ್ಕೆ 2ರಿಂದ 5 ಡಿಗ್ರಿಯಂತೆ ಏರಿಸಿ, 200ರಲ್ಲಿ ಅರ್ಧ ಗಂಟೆ ನಿಲ್ಲಿಸಿ ತೇವ ಹೋಗಲು ಬಿಡಿ. ಪುಡಿಯನ್ನು ಅಲ್ಯುಮಿನಾ ಮೂಸೆಯಲ್ಲಿ ತೆಳ್ಳಗೆ ಹರಡಿ, ರಾಶಿ ಹಾಕಬೇಡಿ. ಸೋಡಾದೊಂದಿಗೆ ಕರಗಿಸುವ ಮೊದಲ ಹಂತವನ್ನು ಪಿಂಗಾಣಿ ಮೂಸೆಯಲ್ಲಿ ಮಾಡಿದ್ದರೆ ಮುಂದಿನ ಸಲ ನಿಕ್ಕಲ್ ಮೂಸೆ ಬಳಸಿ. ಕರಗಿದ ಸೋಡಾ ಪಿಂಗಾಣಿಯನ್ನೇ ತಿನ್ನುತ್ತದೆ, ಆಗ ಅಲ್ಯುಮಿನಿಯಂ ಮರಳಿನಿಂದ ಬಂತೋ ಮೂಸೆಯಿಂದ ಬಂತೋ ಹೇಳಲಾಗದು. ಪ್ಲಾಟಿನಂ ಮೂಸೆಯನ್ನು ಮಾತ್ರ ಯಾರಾದರೂ ಕೊಟ್ಟರೂ ಮುಟ್ಟಬೇಡಿ, ಅದೂ ಕೆಡುತ್ತದೆ.

ಈಗ ನಿಮ್ಮಲ್ಲಿ ಕಾಯಿಸದ ಪುಡಿ ಸ್ವಲ್ಪ ಉಳಿದಿದೆ ಎಂದುಕೊಳ್ಳುತ್ತೇನೆ. ಅದನ್ನು ಎರಡು ಪಾಲು ಮಾಡಿ. ಒಂದನ್ನು ಹಾಗೆಯೇ ಇಡಿ, ಇನ್ನೊಂದನ್ನು ಮೇಲೆ ಹೇಳಿದಂತೆ ಆಮ್ಲದಲ್ಲಿ ಕಲಕಿ ತೊಳೆದು ಒಣಗಿಸಿ. ಎರಡನ್ನೂ ಒಂದೇ ಕುಲುಮೆಯಲ್ಲಿ, ಅಕ್ಕಪಕ್ಕದ ಮೂಸೆಗಳಲ್ಲಿ, 900 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ತೊಳೆದದ್ದು ಬಿಳಿಯಾಗಿ, ಬರೀ ದಿಬ್ಬದೊಂದಿಗೆ ಹೊರಬಂದು, ತೊಳೆಯದ್ದು ಹರಳುಗಟ್ಟಿದರೆ ನಿಮ್ಮ ಪ್ರಬಂಧಕ್ಕೆ ಒಳ್ಳೆಯ ಅಧ್ಯಾಯವೊಂದು ಸಿಕ್ಕಿತು. ಹಳೆಯ ಐದು ಮಾದರಿಗಳನ್ನು ಎಸೆಯಬೇಕಾಗಿಲ್ಲ, ಸೋಡಿಯಂ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಅವೇ ಸಾಕ್ಷಿ. ತೊಳೆದದ್ದೂ ಹರಳುಗಟ್ಟಿದರೆ ನನ್ನ ಊಹೆ ತಪ್ಪು, ಅಥವಾ ಸೋಡಿಯಂ ಜಾಲದೊಳಗೆ ಅಲ್ಯುಮಿನಿಯಂ ಜೊತೆ ಕುಳಿತಿದೆ. ಆಗ ಧಾತು ವಿಶ್ಲೇಷಣೆಯ ಅಂಕಿಗಳನ್ನು ಕಳುಹಿಸಿ, ಮತ್ತೆ ನೋಡೋಣ.

ಒಂದು ವಿಷಯವನ್ನು ಮಾತ್ರ ಈ ಪರೀಕ್ಷೆಗಾಗಿ ಕಾಯದೆ ಇಂದೇ ಮಾಡಿ. 900 ಮತ್ತು 1100ರ ಶೀಶೆಗಳ ಮೇಲೆ ‘ಕ್ರಿಸ್ಟೋಬಲೈಟ್’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಅಸ್ಫಟಿಕ ಸಿಲಿಕಾಗೂ ಇದಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ, ಶ್ವಾಸಕೋಶಕ್ಕೆ ಇದೆ. ಉಸಿರಿನೊಂದಿಗೆ ಒಳಹೋಗುವ ಕ್ವಾರ್ಟ್ಸ್ ಮತ್ತು ಕ್ರಿಸ್ಟೋಬಲೈಟ್ ದೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ಆ ಎರಡು ಮಾದರಿಗಳನ್ನು ಒಣ ಒರಳಿನಲ್ಲಿ ಅರೆಯಬೇಡಿ. ಅರೆಯಲೇಬೇಕಾದರೆ ಎಥನಾಲ್ ಹನಿಸಿ ಒದ್ದೆಯಾಗಿಸಿ, ಹೊಗೆಗೂಡಿನ ಕೆಳಗೆ, ಸರಿಯಾಗಿ ಮುಖಕ್ಕೆ ಕೂರುವ ಶ್ವಾಸಕವಚ ಧರಿಸಿ ಅರೆಯಿರಿ.